ಒಮ್ಮೆಗೆ ಬರುವ ಹಣ, ತಿಂಗಳಿಗೆ ಬರುವ ಪಿಂಚಣಿ

ಮೇ ತಿಂಗಳ ಕೊನೆಯ ದಿನ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸಂಭ್ರಮ ಎದ್ದು ಕಾಣುತ್ತದೆ. ಅದಕ್ಕೊಂದು ಕಾರಣವಿದೆ. ಜನನ ನೋಂದಣಿ ಅಷ್ಟಾಗಿ ರೂಢಿಯಲ್ಲಿರದ ಕಾಲದಲ್ಲಿ, ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ಹುಟ್ಟಿದ ದಿನ ನೆನಪಿಲ್ಲವೆಂದರೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಿಯಮದ ಪ್ರಕಾರ ಸರ್ಕಾರಿ ನೌಕರರು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದುತ್ತಾರೆ; ತಿಂಗಳ ಮೊದಲ ದಿನ ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಅರ್ಧ ಶತಮಾನದ ಹಿಂದೆ ಮೇಷ್ಟ್ರು ಬರೆದ ಒಂದು ಸಾಲು ಅನೇಕರನ್ನು ಒಂದೇ ಸಂಜೆ ಮನೆಗೆ ಕಳುಹಿಸುತ್ತಿದೆ.

ಅದಾಗಿ ಕೆಲವು ವಾರಗಳಿಗೆ ಅವರ ಬ್ಯಾಂಕ್ ಖಾತೆಗೆ, ಮೂರು ದಶಕಗಳ ಸೇವೆಯಲ್ಲಿ ಎಂದೂ ಒಟ್ಟಿಗೆ ಕಾಣದಷ್ಟು ಹಣ ಜಮೆಯಾಗುತ್ತದೆ. ವಿಮೆಯ ಏಜೆಂಟರು, ನಿವೇಶನದ ದಲ್ಲಾಳಿಗಳು, ಹೆಚ್ಚಿನ ಬಡ್ಡಿ ಕೊಡುವ ಸೊಸೈಟಿಯವರು ಮನೆ ಬಾಗಿಲಿಗೆ ಬರುವುದೂ ಆಗಲೇ. ಮಗ ಅಥವಾ ಅಳಿಯ ಒಂದು ಅಂಗಡಿಯ ಯೋಜನೆಯನ್ನು ಮುಂದಿಡುವುದೂ ಸಾಮಾನ್ಯವಾಗಿ ಅದೇ ದಿನಗಳಲ್ಲಿ. ವರ್ತಕ ಸಮುದಾಯಕ್ಕೆ ಸರ್ಕಾರಿ ನೌಕರರ ನಿವೃತ್ತಿಯಿಂದ ಏನಾಗಬೇಕು ಎಂದು ಕೇಳುವವರು ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ನಮ್ಮ ಊರುಗಳ ಎಷ್ಟೋ ಹಾರ್ಡ್‌ವೇರ್ ಅಂಗಡಿ, ಔಷಧಿ ಅಂಗಡಿ, ಮುದ್ರಣಾಲಯಗಳ ಮೊದಲ ಬಂಡವಾಳ ತಂದೆಯ ಗ್ರಾಚ್ಯುಟಿಯಿಂದ ಬಂದದ್ದು. ಬ್ಯಾಂಕ್ ಸಾಲದ ಪತ್ರದಲ್ಲಿ ಜಾಮೀನುದಾರರ ಸಹಿ ಇರುವುದೂ ಅನೇಕ ವೇಳೆ ನಿವೃತ್ತ ಶಿಕ್ಷಕರದೋ ಗುಮಾಸ್ತರದೋ ಆಗಿರುತ್ತದೆ. ಆದುದರಿಂದ ಈ ಹಣದ ಸ್ವರೂಪವನ್ನು ಕೊಡುವವರಷ್ಟೇ ಪಡೆಯುವವರೂ ತಿಳಿದಿರುವುದು ಅಗತ್ಯ.

ಭಿಕ್ಷೆಯಲ್ಲ, ಹಕ್ಕು

ಪಿಂಚಣಿಯು ಸರ್ಕಾರ ಮನಸ್ಸು ಬಂದರೆ ಕೊಡುವ ಕೊಡುಗೆಯಲ್ಲ, ಸಲ್ಲಿಸಿದ ಸೇವೆಗೆ ನೌಕರನಿಗೆ ಸಲ್ಲಬೇಕಾದ ಹಕ್ಕು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ದೇಶದಾದ್ಯಂತ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸಲಾಗುತ್ತದೆ. ಹಕ್ಕೇನೋ ಸ್ಥಾಪಿತವಾಯಿತು, ಆದರೆ ಹಕ್ಕಿನ ಹಣವನ್ನು ಹೇಗೆ ಪಡೆಯಬೇಕು, ಎಷ್ಟನ್ನು ಇಂದು, ಎಷ್ಟನ್ನು ಮುಂದೆ ಎಂಬ ತೀರ್ಮಾನ ಮಾತ್ರ ನೌಕರನ ಮೇಲೆಯೇ ಉಳಿದಿದೆ. ಆ ತೀರ್ಮಾನವನ್ನು ಬಹುತೇಕರು ಬೀಳ್ಕೊಡುಗೆಯ ಗಡಿಬಿಡಿಯಲ್ಲಿ, ಕಚೇರಿಯ ಸಹೋದ್ಯೋಗಿ ತುಂಬಿಕೊಟ್ಟ ನಮೂನೆಗೆ ಸಹಿ ಹಾಕುವ ಮೂಲಕ ಮುಗಿಸಿಬಿಡುತ್ತಾರೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ, ಹಳೆಯ ಪಿಂಚಣಿ ಪದ್ಧತಿಗೆ ಒಳಪಟ್ಟ ರೈಲ್ವೆ ನೌಕರರೊಬ್ಬರು 60ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆಂದು ಭಾವಿಸೋಣ. ಕೊನೆಯ ಮೂಲವೇತನ ರೂ. 80,000, ಸೇವೆ 33 ವರ್ಷ, ಲೆಕ್ಕದ ಸರಳತೆಗಾಗಿ ತುಟ್ಟಿಭತ್ಯೆಯನ್ನು ಶೇ. 50 ಎಂದಿಟ್ಟುಕೊಳ್ಳೋಣ. ಮೂಲವೇತನದ ಅರ್ಧದಂತೆ ಪಿಂಚಣಿ ರೂ. 40,000. ಪ್ರತಿ ಪೂರ್ಣ ಆರು ತಿಂಗಳ ಸೇವೆಗೆ ವೇತನ ಮತ್ತು ತುಟ್ಟಿಭತ್ಯೆಯ ಕಾಲು ಭಾಗದಂತೆ, ಗರಿಷ್ಠ ಹದಿನಾರೂವರೆ ತಿಂಗಳ ಮೊತ್ತಕ್ಕೆ ಮಿತಿಗೊಂಡ ಉಪದಾನ, ಅಂದರೆ ಗ್ರಾಚ್ಯುಟಿ, ರೂ. 19,80,000. (ಕೇಂದ್ರ ನೌಕರರಿಗೆ ಇದರ ಗರಿಷ್ಠ ಮಿತಿ 2024ರ ಜನವರಿ 1ರಿಂದ ರೂ. 25 ಲಕ್ಷಕ್ಕೆ ಏರಿದೆ.) ಖಾತೆಯಲ್ಲಿ 300 ದಿನಗಳ ಗಳಿಕೆ ರಜೆ ಉಳಿದಿದ್ದರೆ ಅದರ ನಗದೀಕರಣ ರೂ. 12,00,000. ಇವಲ್ಲದೆ ಭವಿಷ್ಯ ನಿಧಿಯ ಉಳಿಕೆ ಬೇರೆ. ಈ ಮೊತ್ತಗಳಿಗೆ ಸರ್ಕಾರಿ ನೌಕರರ ಮಟ್ಟಿಗೆ ಆದಾಯ ತೆರಿಗೆಯ ಬಾಧೆ ಇಲ್ಲ.

ಇಷ್ಟರವರೆಗೆ ನೌಕರನ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ನಿಯಮ ಹೇಳಿದಷ್ಟು ಕೈಗೆ ಬರುತ್ತದೆ. ಆಯ್ಕೆ ಆರಂಭವಾಗುವುದು ಮುಂದಿನ ಹೆಜ್ಜೆಯಲ್ಲಿ.

ಕಮ್ಯುಟೇಷನ್ ಎಂಬ ಸಾಲ

ಪಿಂಚಣಿಯ ಒಂದು ಭಾಗವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು ಅದರ ಬದಲಿಗೆ ಒಂದೇ ಗಂಟಿನಲ್ಲಿ ಹಣ ಪಡೆಯುವುದಕ್ಕೆ ಪಿಂಚಣಿ ಪರಿವರ್ತನೆ ಎಂದು ಹೆಸರು. ಕಚೇರಿಯ ಮಾತಿನಲ್ಲಿ ಇದು ಕಮ್ಯುಟೇಷನ್. ಕೇಂದ್ರ ಸರ್ಕಾರದ ನೌಕರರು ಪಿಂಚಣಿಯ ಗರಿಷ್ಠ ಶೇ. 40ರಷ್ಟನ್ನು, ಕರ್ನಾಟಕ ರಾಜ್ಯದ ನೌಕರರು ಮೂರನೆಯ ಒಂದು ಭಾಗವನ್ನು ಹೀಗೆ ಪರಿವರ್ತಿಸಿಕೊಳ್ಳಬಹುದು. ಬಿಟ್ಟುಕೊಟ್ಟ ಭಾಗ 15 ವರ್ಷಗಳ ನಂತರ ಮರಳಿ ಸೇರುತ್ತದೆ.

ಮೇಲಿನ ಉದಾಹರಣೆಯ ನೌಕರರು ಪೂರ್ಣ ಶೇ. 40ರಷ್ಟನ್ನು, ಎಂದರೆ ತಿಂಗಳಿಗೆ ರೂ. 16,000 ಬಿಟ್ಟುಕೊಟ್ಟರು ಎನ್ನೋಣ. 60ಕ್ಕೆ ನಿವೃತ್ತರಾದವರಿಗೆ ಕೇಂದ್ರದ ಕೋಷ್ಟಕದಲ್ಲಿರುವ ಗುಣಕ 8.194. ಅದರಂತೆ ಹದಿನಾರು ಸಾವಿರವನ್ನು ಹನ್ನೆರಡು ತಿಂಗಳಿಗೂ ಈ ಗುಣಕಕ್ಕೂ ಗುಣಿಸಿದರೆ ಕೈಗೆ ಬರುವುದು ರೂ. 15,73,248. ಈ ಅಂಕಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಹದಿನೈದು ವರ್ಷ, ಅಂದರೆ 180 ತಿಂಗಳು, ತಿಂಗಳಿಗೆ ಹದಿನಾರು ಸಾವಿರದಂತೆ ಕಡಿತವಾಗುವ ಒಟ್ಟು ಮೊತ್ತ ರೂ. 28,80,000. ಕೊಟ್ಟ ಅಸಲು ಎಂಟು ವರ್ಷ ಮೂರು ತಿಂಗಳು ಕಳೆಯುವುದರೊಳಗೆ ಸರ್ಕಾರಕ್ಕೆ ಹಿಂತಿರುಗಿರುತ್ತದೆ. ಉಳಿದದ್ದು ಬಡ್ಡಿ.

ಹಾಗಾದರೆ ಬಡ್ಡಿಯ ದರ ಎಷ್ಟು? ಹದಿನೈದು ವರ್ಷದ ಮಾಸಿಕ ಕಂತಿನ ಸಾಲವೆಂದು ಲೆಕ್ಕ ಹಾಕಿದರೆ ಅದು ವಾರ್ಷಿಕ ಶೇ. 9ರ ಆಸುಪಾಸಿಗೆ ಬರುತ್ತದೆ. ಪರಿವರ್ತನೆಯ ಬಗ್ಗೆ ನಡೆಯುವ ವಾದವಿವಾದಗಳೆಲ್ಲ ಈ ಒಂದು ಅಂಕಿಯ ಮುಂದೆ ಸರಳವಾಗುತ್ತವೆ. ಶೇ. 9ಕ್ಕೆ ಸಾಲ ತಂದು ಶೇ. 7ರ ಠೇವಣಿಯಲ್ಲಿಡುವ ವರ್ತಕ ಯಾವ ಪೇಟೆಯಲ್ಲಿಯೂ ಸಿಗಲಾರ. ಆದರೆ ನಿವೃತ್ತರಲ್ಲಿ ಬಹಳಷ್ಟು ಮಂದಿ ಮಾಡುವುದು ಇದನ್ನೇ. ಪರಿವರ್ತನೆಯ ಹಣವನ್ನು ತಂದು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಟ್ಟು, ಅದರ ಬಡ್ಡಿ ಬರುತ್ತದಲ್ಲ ಎಂದು ಸಮಾಧಾನ ಪಡುತ್ತಾರೆ.

ಹಾಗೆಂದು ಪರಿವರ್ತನೆ ಯಾರಿಗೂ ಬೇಡ ಎನ್ನಲಾಗದು. ಈ ಸಾಲಕ್ಕೆ ಬೇರೆ ಸಾಲಗಳಿಗಿಲ್ಲದ ಕೆಲವು ಗುಣಗಳಿವೆ. ಪಿಂಚಣಿದಾರರು ಅವಧಿಗೆ ಮೊದಲೇ ತೀರಿಕೊಂಡರೆ ಉಳಿದ ಕಂತುಗಳು ಅಲ್ಲಿಗೇ ಮುಕ್ತಾಯ. ಪತ್ನಿಗೆ ಅಥವಾ ಪತಿಗೆ ಸಲ್ಲುವ ಕುಟುಂಬ ಪಿಂಚಣಿಯಲ್ಲಿ ಅದರ ಸಲುವಾಗಿ ಒಂದು ಪೈಸೆಯೂ ಕಡಿತವಾಗುವುದಿಲ್ಲ. ತುಟ್ಟಿಭತ್ಯೆಯನ್ನು ಲೆಕ್ಕ ಹಾಕುವುದೂ ಪರಿವರ್ತನೆಗೆ ಮೊದಲಿನ ಪೂರ್ಣ ಪಿಂಚಣಿಯ ಮೇಲೆಯೇ. ಅಂದರೆ ನಮ್ಮ ಉದಾಹರಣೆಯ ನೌಕರರಿಗೆ ಮೂಲ ಪಿಂಚಣಿ ರೂ. 24,000ಕ್ಕೆ ಇಳಿದರೂ ಭತ್ಯೆ 40,000ದ ಮೇಲೆ 20,000 ಬಂದು, ತಿಂಗಳಿಗೆ ಕೈಗೆ ರೂ. 44,000 ಸಿಗುತ್ತದೆ. ಆದುದರಿಂದ ಶೇ. 12, 14ರ ವೈಯಕ್ತಿಕ ಸಾಲವೋ ಕೈಸಾಲವೋ ಉಳಿದಿದ್ದರೆ ಪರಿವರ್ತನೆಯ ಹಣದಿಂದ ಅದನ್ನು ತೀರಿಸುವುದು ಜಾಣತನ. ಗಂಭೀರ ಕಾಯಿಲೆ ಇರುವವರಿಗೂ ಪರಿವರ್ತನೆ ಲಾಭದಾಯಕವೇ, ಹೇಳಲು ಕಠೋರವೆನಿಸಿದರೂ. ಆರೋಗ್ಯ ಚೆನ್ನಾಗಿದ್ದು, ಸಾಲವಿಲ್ಲದೆ, ಹಣಕ್ಕೆ ನಿರ್ದಿಷ್ಟ ಉಪಯೋಗವೂ ಇಲ್ಲದವರು ಪೂರ್ಣ ಪ್ರಮಾಣದಲ್ಲಿ ಪರಿವರ್ತಿಸಿಕೊಳ್ಳುವುದಕ್ಕೆ ರೂಢಿಯೊಂದನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಗರಿಷ್ಠ ಮಿತಿ ಎಂದರೆ ಅಷ್ಟನ್ನೂ ತೆಗೆದುಕೊಳ್ಳಲೇಬೇಕು ಎಂದರ್ಥವಲ್ಲ, ಶೇ. 10ರಷ್ಟನ್ನು ಮಾತ್ರ ಕೇಳುವ ಸ್ವಾತಂತ್ರ್ಯವೂ ಇದೆ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದರೆ ಕೇಂದ್ರದ ನೌಕರರಿಗೆ ವೈದ್ಯಕೀಯ ಪರೀಕ್ಷೆಯ ಅಗತ್ಯವೂ ಇರುವುದಿಲ್ಲವಾದ್ದರಿಂದ, ಯೋಚಿಸಲು ಸಮಯವಿಲ್ಲ ಎಂಬ ಮಾತೂ ನಿಲ್ಲದು.

ಮಗನ ಅಂಗಡಿ

ಉಪದಾನ, ರಜೆ ನಗದೀಕರಣ, ಪರಿವರ್ತನೆ ಮೂರೂ ಸೇರಿ ಹುಬ್ಬಳ್ಳಿಯ ಆ ನೌಕರರ ಕೈಗೆ ಬಂದದ್ದು ಸುಮಾರು 47.5 ಲಕ್ಷ. ಮಗ ಹಾರ್ಡ್‌ವೇರ್ ಅಂಗಡಿಗೆ 25 ಲಕ್ಷ ಕೇಳುತ್ತಾನೆ. ಮಗ ಶ್ರಮಜೀವಿ, ಐದಾರು ವರ್ಷ ಬೇರೊಬ್ಬರ ಅಂಗಡಿಯಲ್ಲಿ ದುಡಿದು ವ್ಯವಹಾರ ಕಲಿತವನು. ತಂದೆಗೆ ಇಲ್ಲವೆನ್ನಲು ಮನಸ್ಸು ಬಾರದು. ಇಲ್ಲವೆನ್ನಬೇಕೆಂಬ ನಿಯಮವೂ ಇಲ್ಲ. ಆದರೆ ಕೊಡುವ ಬಗೆ ಹಲವು. ಬಗೆಗೊಂದರಂತೆ ಪರಿಣಾಮವೂ ಬೇರೆ.

ಮೊದಲು ಈ 25 ಲಕ್ಷದ ನಿಜವಾದ ಬೆಲೆಯನ್ನು ನೋಡಬೇಕು. ಅಂಚೆ ಕಚೇರಿ ಹಾಗೂ ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಬಡ್ಡಿ ದರ ಶೇ. 8.2. ಆ ದರದಲ್ಲಿ 25 ಲಕ್ಷಕ್ಕೆ ವರ್ಷಕ್ಕೆ ರೂ. 2,05,000, ತಿಂಗಳಿಗೆ 17,000ದಷ್ಟು ಆದಾಯ ಬರುತ್ತದೆ. ಅಂಗಡಿಗೆ ಕೊಟ್ಟರೆ ಅದು ನಿಲ್ಲುತ್ತದೆ. ಪರಿವರ್ತನೆಯಿಂದ ಆಗಲೇ 16,000 ನಿಂತಿದೆ. ಎರಡೂ ಸೇರಿ ತಿಂಗಳಿಗೆ 33,000 ರೂಪಾಯಿಯ ವ್ಯತ್ಯಾಸ. ಮಗನ ವ್ಯಾಪಾರ ಕುದುರಿದರೆ ಚಿಂತೆಯಿಲ್ಲ. ಕುದುರಲು ಮೂರು ವರ್ಷ ಹಿಡಿದರೆ ಆ ಮೂರು ವರ್ಷ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ತಂದೆ, ತಾಯಿ, ಮಗ ಮೂವರೂ ಕಾಗದದ ಮೇಲೆ ಬರೆದು ನೋಡಿರಬೇಕು.

ಮಗನ ಸಂಸ್ಥೆಯಲ್ಲಿ ತಂದೆ ಪಾಲುದಾರರಾಗುವುದು ಸಹಜವೆಂಬಂತೆ ಕಾಣುವ ದಾರಿ. ಸೇವೆಯಲ್ಲಿರುವಾಗ ನಡತೆ ನಿಯಮಗಳು ವ್ಯಾಪಾರಕ್ಕೆ ಅಡ್ಡಿಯಾಗುತ್ತವೆ. ನಿವೃತ್ತಿಯ ನಂತರ ಆ ಅಡ್ಡಿ ಇಲ್ಲ. (ಕೇಂದ್ರದ 'ಎ' ವೃಂದದ ಅಧಿಕಾರಿಗಳು ಮಾತ್ರ ಮೊದಲ ಒಂದು ವರ್ಷ ವಾಣಿಜ್ಯ ಉದ್ಯೋಗಕ್ಕೆ ಅನುಮತಿ ಪಡೆಯಬೇಕು.) ಆದರೆ 1932ರ ಪಾಲುದಾರಿಕೆ ಅಧಿನಿಯಮದಡಿ ಪಾಲುದಾರರ ಹೊಣೆಗೆ ಮಿತಿಯಿಲ್ಲ. ಸಂಸ್ಥೆಯ ಸಾಲಕ್ಕೆ ತಂದೆ ಹಾಕಿದ ಬಂಡವಾಳ ಮಾತ್ರವಲ್ಲ, ಅವರ ಮನೆಯೂ ಉತ್ತರ ಹೇಳಬೇಕಾಗುತ್ತದೆ. ಪಾಲುದಾರರಾಗಲೇಬೇಕೆಂದಿದ್ದರೆ 2008ರ ಅಧಿನಿಯಮದಡಿಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಉತ್ತಮ. ಅಲ್ಲಿ ನಷ್ಟ ಸಾಮಾನ್ಯವಾಗಿ ಹಾಕಿದ ಬಂಡವಾಳಕ್ಕೆ ಸೀಮಿತ.

ಜಾಮೀನುದಾರರಾಗುವುದು ಇದಕ್ಕಿಂತ ಸೂಕ್ಷ್ಮವಾದ ವಿಷಯ. ಒಂದು ರೂಪಾಯಿಯನ್ನೂ ಕೊಡದೆ ಬರೀ ಸಹಿ ಹಾಕುವುದು ತಾನೇ ಎಂಬ ಭಾವನೆ ಅನೇಕರಲ್ಲಿದೆ. 1872ರ ಕರಾರು ಅಧಿನಿಯಮದ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದು. ಮೊದಲು ಮಗನಿಂದ ವಸೂಲು ಮಾಡಿ ಎಂದು ಬ್ಯಾಂಕಿಗೆ ಹೇಳಲಾಗದು. ಪಿಂಚಣಿಗೆ ಮಾತ್ರ ಕಾನೂನಿನ ರಕ್ಷಣೆ ಉಂಟು. 1871ರ ಪಿಂಚಣಿ ಅಧಿನಿಯಮವೂ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಸರ್ಕಾರಿ ಪಿಂಚಣಿಯನ್ನು ಸಾಲಿಗರ ಜಪ್ತಿಯಿಂದ ಹೊರಗಿಟ್ಟಿವೆ. ಆದರೆ ಅಡಮಾನವಿಟ್ಟ ಮನೆಗೆ ಅಂಥ ರಕ್ಷಣೆ ಇಲ್ಲ. ಮುಪ್ಪಿನಲ್ಲಿ ಪಿಂಚಣಿ ಉಳಿದು ಮನೆ ಹೋಗುವ ಸ್ಥಿತಿ ಬಂದರೆ, ಉಳಿದ ಪಿಂಚಣಿ ಬಾಡಿಗೆಗೆ ಸಲ್ಲುತ್ತದೆ.

ಆದುದರಿಂದ ತಂದೆಯ ಮನೆಯ ಪತ್ರವನ್ನು ಬ್ಯಾಂಕಿಗೆ ಒಯ್ಯುವ ಮೊದಲು ಮಗ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಸಾಲವನ್ನು ಸಾಲ ಖಾತರಿ ಯೋಜನೆಯಡಿ ತರಲು ಸಾಧ್ಯವೇ? ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿ ಟ್ರಸ್ಟ್ 2000ದಲ್ಲಿ ಸ್ಥಾಪನೆಯಾದದ್ದೇ ಆಸ್ತಿಯ ಅಡಮಾನವಿಲ್ಲದೆ ಸಾಲ ನೀಡುವ ಬ್ಯಾಂಕುಗಳಿಗೆ ಖಾತರಿ ಕೊಡುವುದಕ್ಕಾಗಿ. ಚಿಲ್ಲರೆ ವ್ಯಾಪಾರವೂ ಅದರ ವ್ಯಾಪ್ತಿಗೆ ಬಂದಿದೆ. ಖಾತರಿ ಶುಲ್ಕ ಕೊಡಬೇಕಾಗುತ್ತದೆ ನಿಜ. ತಂದೆಯ ಮನೆಗೆ ಹೋಲಿಸಿದರೆ ಅದು ಅಗ್ಗ. ಶಾಖೆಯ ಮಟ್ಟದಲ್ಲಿ ಸುಲಭದ ಅಡಮಾನ ಕಣ್ಣೆದುರಿಗಿದ್ದಾಗ ಈ ಯೋಜನೆಯ ಹೆಸರು ತಾನಾಗಿ ಬಾಯಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಕೇಳುವವರು ಕೇಳಬೇಕು.

ಹಣವನ್ನೇ ಕೊಡುವುದಾದರೆ ಸಾಲವಾಗಿ ಕೊಡಬೇಕೇ, ದಾನವಾಗಿ ಕೊಡಬೇಕೇ? ಸಾಲವಾದರೆ ಬ್ಯಾಂಕಿನ ಮೂಲಕವೇ ಆಗಬೇಕು, ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಕೊಡುವವರು ತಂದೆಯೇ ಆದರೂ. ಒಂದು ಪುಟದ ಕರಾರು ಬರೆದಿಡುವುದರಿಂದ ಸಂಬಂಧ ಕೆಡುವುದಿಲ್ಲ. ಮುಂದೆ ಮಗಳು ಅಥವಾ ಕಿರಿಯ ಮಗ ಪ್ರಶ್ನೆ ಎತ್ತಿದಾಗ ಹಿರಿಯ ಮಗನಿಗೇ ಅದು ಆಧಾರ. ದಾನವಾದರೆ ಮಗನಿಗೆ ತೆರಿಗೆ ಇಲ್ಲ, ಆದರೆ ಕೊಟ್ಟದ್ದು ಕೊಟ್ಟಂತೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಅಧಿನಿಯಮವು, ಪೋಷಣೆಯ ಷರತ್ತಿನೊಂದಿಗೆ ವರ್ಗಾಯಿಸಿದ ಸ್ವತ್ತನ್ನು ಷರತ್ತು ಮುರಿದಾಗ ಮರಳಿ ಪಡೆಯಲು ಅವಕಾಶ ನೀಡಿದೆ. ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಅದನ್ನು ಸಾಬೀತುಪಡಿಸುವ ಕಷ್ಟ ತಪ್ಪುತ್ತದೆ. ಮಕ್ಕಳ ಮೇಲೆ ಅಪನಂಬಿಕೆ ಎಂದು ಇದನ್ನು ತಿಳಿಯಬೇಕಾಗಿಲ್ಲ. ಮನೆ ಬಾಡಿಗೆಗೆ ಕೊಡುವಾಗ ಬರೆಯುವಷ್ಟು ಷರತ್ತುಗಳನ್ನಾದರೂ ಮನೆಯನ್ನೇ ಕೊಡುವಾಗ ಬರೆಯುವುದು ವ್ಯವಹಾರ ಧರ್ಮ.

ಪರಿಚಯದ ನಿವೃತ್ತರಿಂದ ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸುವ ಅಭ್ಯಾಸವಿರುವ ವ್ಯಾಪಾರಸ್ಥರಿಗೂ ಇಲ್ಲಿ ಒಂದು ಮಾತು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಅಧಿನಿಯಮ ನಿಷೇಧಿಸಿದೆ. ಠೇವಣಿದಾರರ ಹಿತ ಕಾಯುವ ಕರ್ನಾಟಕದ ಅಧಿನಿಯಮ 2004ರಿಂದಲೇ ಇದೆ. ಸಂಬಂಧಿಕರಿಂದ ಪಡೆಯುವ ಸಾಲಕ್ಕೆ ವಿನಾಯಿತಿ ಇದೆ. ಬಡಾವಣೆಯ ಪಿಂಚಣಿದಾರರಿಂದ ಸಂಗ್ರಹಿಸುವ ಹಣಕ್ಕೆ ಇಲ್ಲ.

ಉಳಿದ ಹಣದ ವಿಚಾರ

ಅಂಗಡಿಗೆ ಕೊಟ್ಟು ಉಳಿದದ್ದನ್ನು, ಅಥವಾ ಕೊಡದೆ ಉಳಿಸಿಕೊಂಡ ಎಲ್ಲವನ್ನೂ ಎಲ್ಲಿಡಬೇಕೆಂಬುದು ಹಿಂದಿನದಷ್ಟು ಜಟಿಲವಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ವೈಯಕ್ತಿಕ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಯಿತು. ದರ ತ್ರೈಮಾಸಿಕವಾಗಿ ಪರಿಷ್ಕರಣೆಗೆ ಒಳಪಟ್ಟರೂ ಖಾತೆ ತೆರೆದ ದಿನದ ದರವೇ ಐದು ವರ್ಷ ಮುಂದುವರಿಯುತ್ತದೆ. 60 ತುಂಬಿದ ಪತ್ನಿ ಅಥವಾ ಪತಿ ತಮ್ಮ ಹೆಸರಿನಲ್ಲಿ ಬೇರೆ ಖಾತೆ ತೆರೆಯಬಹುದು. ಶೇ. 8.2ರಂತೆ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿ ರೂ. 61,500.

ಬ್ಯಾಂಕ್ ಠೇವಣಿಯ ವಿಷಯದಲ್ಲಿ ನೆನಪಿಡಬೇಕಾದ ಅಂಕಿ ಐದು ಲಕ್ಷ. 2020ರ ಫೆಬ್ರವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ ಇಷ್ಟಕ್ಕೆ ಮಾತ್ರ ವಿಮೆ ಇದೆ. ಅದಕ್ಕೆ ಮುನ್ನ ಇದ್ದದ್ದು ಒಂದೇ ಲಕ್ಷ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಅದರ ಬಾಗಿಲಲ್ಲಿ ನಿಂತವರಲ್ಲಿ ನಿವೃತ್ತರು ಬಹಳ ಮಂದಿ ಇದ್ದರು. ಪತ್ತಿನ ಸಹಕಾರ ಸಂಘಗಳಿಗೆ, ಅಂದರೆ ಜನ ಸೊಸೈಟಿ ಎಂದು ಕರೆಯುವ ಸಂಸ್ಥೆಗಳಿಗೆ, ಈ ಐದು ಲಕ್ಷದ ವಿಮೆಯೂ ಅನ್ವಯಿಸುವುದಿಲ್ಲ. ಫಲಕದ ಮೇಲೆ 'ಸಹಕಾರಿ' ಎಂದಿದ್ದರೆ ಅದು ಬ್ಯಾಂಕೋ ಸಂಘವೋ ಎಂದು ವಿಚಾರಿಸಿಯೇ ಮೆಟ್ಟಿಲೇರಬೇಕು.

ತೆರಿಗೆ ಉಳಿತಾಯದ ಹೆಸರಿನಲ್ಲಿ ಮಾರಾಟವಾಗುವ ವಿಮಾ ಪಾಲಿಸಿಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಉದಾಹರಣೆಯ ನೌಕರರಿಗೆ ಪಿಂಚಣಿ ವರ್ಷಕ್ಕೆ ರೂ. 5,28,000, ಯೋಜನೆಯ ಬಡ್ಡಿ ರೂ. 2,46,000, ಒಟ್ಟು 7,74,000. 2025-26ನೆಯ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ರಿಯಾಯಿತಿ ಇರುವುದರಿಂದ ಅವರು ಕಟ್ಟಬೇಕಾದ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ಹತ್ತು ವರ್ಷದ ಪಾಲಿಸಿ ಏಕೆಂದು ಕೇಳಿದರೆ ಏಜೆಂಟರ ಬಳಿ ಉತ್ತರ ಇರಲಾರದು.

ಆರೋಗ್ಯ ವಿಮೆಯ ಮಾತು ಬೇರೆ. ಅದನ್ನು ನಿವೃತ್ತಿಗೆ ಮೂರು ನಾಲ್ಕು ವರ್ಷ ಮೊದಲೇ ಮಾಡಿಸುವುದು ಮೇಲು, ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸುವ ಷರತ್ತು ಇರಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿ ರದ್ದಾಗಿರುವುದು ಹಿರಿಯರಿಗೆ ಸಿಕ್ಕ ನಿಜವಾದ ನೆರವು.

2006ರ ನಂತರ ಸೇರಿದವರು

ಮೇಲಿನದೆಲ್ಲವೂ ಹಳೆಯ ಪಿಂಚಣಿ ಪದ್ಧತಿಯವರ ಮಾತು. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಒಳಪಟ್ಟವರು. 2006ರ ಏಪ್ರಿಲ್‌ಗೆ ಮೊದಲೇ ಅಧಿಸೂಚನೆ ಹೊರಟು, ನೇಮಕಾತಿ ತಡವಾದ ಸುಮಾರು 13,000 ರಾಜ್ಯ ನೌಕರರಿಗೆ ಹಳೆಯ ಪದ್ಧತಿಯ ಅವಕಾಶವನ್ನು 2024ರ ಜನವರಿಯಲ್ಲಿ ನೀಡಲಾಯಿತು. ಉಳಿದವರ ಪಾಲಿಗೆ ಪಿಂಚಣಿಯ ಮೊತ್ತ ಕೊನೆಯ ವೇತನವನ್ನು ಅವಲಂಬಿಸಿಲ್ಲ. ಖಾತೆಯಲ್ಲಿ ಕೂಡಿದ ನಿಧಿ ಮತ್ತು ಅಂದಿನ ಮಾರುಕಟ್ಟೆಯ ಬಡ್ಡಿಯನ್ನು ಅವಲಂಬಿಸಿದೆ.

40ರ ಹರೆಯದಲ್ಲಿ ಸೇವೆಗೆ ಸೇರಿದವರು ಈಗ ನಿವೃತ್ತರಾಗುತ್ತಿದ್ದಾರೆ. 40 ಲಕ್ಷದ ನಿಧಿ ಕೂಡಿದೆ ಎಂದು ಭಾವಿಸಿದರೆ ಸರ್ಕಾರಿ ನೌಕರರು ಅದರ ಶೇ. 40ರಷ್ಟಕ್ಕಾದರೂ, ಎಂದರೆ 16 ಲಕ್ಷಕ್ಕೆ, ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಶೇ. 6.5ರ ದರ ಹಿಡಿದರೆ ತಿಂಗಳಿಗೆ ಬರುವುದು ಸುಮಾರು ರೂ. 8,670. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಈ ಹಣದ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಹಳೆಯ ಪದ್ಧತಿಯ ಪಿಂಚಣಿದಾರರು ಉಳಿತಾಯದಲ್ಲಿ ತಪ್ಪು ಮಾಡಿದರೂ ಮುಂದಿನ ತಿಂಗಳ ಪಿಂಚಣಿ ಅವರನ್ನು ಕಾಯುತ್ತದೆ. ಎನ್‌ಪಿಎಸ್ ನೌಕರರಿಗೆ ಒಮ್ಮೆಗೆ ಬರುವ ಉಳಿದ 24 ಲಕ್ಷವೇ ಪಿಂಚಣಿಯ ಇನ್ನೊಂದು ಭಾಗ. ಅದನ್ನು ಬಂಡವಾಳವೆಂದು ಕೇಳುವ ಮಗನೂ, ಕೊಡಲು ಮುಂದಾಗುವ ತಂದೆಯೂ ಈ ಅಂತರವನ್ನು ಮರೆಯುವಂತಿಲ್ಲ. ಆ ಹಣವನ್ನು ಒಂದೇ ಸಲಕ್ಕೆ ತೆಗೆಯದೆ, ತಿಂಗಳಿಗೋ ತ್ರೈಮಾಸಿಕಕ್ಕೋ ಇಷ್ಟಿಷ್ಟೇ ಹಿಂಪಡೆಯುವ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ಬಂದಿದೆ. ಉಪಯೋಗಿಸಿಕೊಳ್ಳಬೇಕಾದ ಅನುಕೂಲ ಅದು.

ಕೇಂದ್ರದ ಎನ್‌ಪಿಎಸ್ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ದೊರೆಯಿತು. 25 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ, ಕನಿಷ್ಠ 10 ವರ್ಷದ ಸೇವೆಗೆ ತಿಂಗಳಿಗೆ ರೂ. 10,000 ಖಚಿತ, ಮೇಲೆ ತುಟ್ಟಿಭತ್ಯೆಯೂ ಉಂಟು. ಆದರೆ ಪೂರ್ಣ ಖಾತರಿ ಬೇಕೆಂದರೆ ಕೂಡಿಟ್ಟ ನಿಧಿಯನ್ನು ಬಿಟ್ಟುಕೊಡಬೇಕು. ಕೈಗೆ ಬರುವ ಗಂಟು ಬಹಳ ಸಣ್ಣದು. ಮನೆ ಕಟ್ಟಲು, ಅಂಗಡಿ ಹಾಕಲು ದೊಡ್ಡ ಮೊತ್ತ ಬಯಸುವವರಿಗೆ ಅದು ರುಚಿಸದಿರಬಹುದು. ತಿಂಗಳ ಆದಾಯವೇ ಮುಖ್ಯವೆನ್ನುವವರಿಗೆ ರುಚಿಸುತ್ತದೆ.

ಸೇವಾ ಪುಸ್ತಕದ ಒಂದು ಅಕ್ಷರ

ಲೆಕ್ಕವೆಲ್ಲ ಸರಿಯಾಗಿದ್ದರೂ ಹಣ ಬರುವುದು ಕಾಗದ ಸರಿಯಿದ್ದಾಗ ಮಾತ್ರ. ರಾಜ್ಯದ ನೌಕರರ ಪಿಂಚಣಿ ಪತ್ರಗಳು ಇಲಾಖೆಯಿಂದ ಮಹಾಲೇಖಪಾಲರ ಕಚೇರಿಗೆ ಹೋಗಿ, ಅಲ್ಲಿಂದ ಪಿಂಚಣಿ ಸಂದಾಯ ಆದೇಶವಾಗಿ ಖಜಾನೆಗೆ ಬರುತ್ತವೆ. ದಾರಿಯಲ್ಲಿ ಪತ್ರಗಳು ಹಿಂತಿರುಗುವುದಕ್ಕೆ ಸಾಮಾನ್ಯ ಕಾರಣಗಳು ಸಣ್ಣವು: ಯಾವುದೋ ವರ್ಷದ ಸೇವೆಯ ದೃಢೀಕರಣವಾಗಿಲ್ಲ, ವೇತನ ನಿಗದಿಯಲ್ಲಿ ಒಂದು ಬಡ್ತಿ ತಪ್ಪಿದೆ, ಮನೆ ಸಾಲದ ಬೇಬಾಕಿ ಪತ್ರ ಬಂದಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಸೇವಾ ಪುಸ್ತಕವನ್ನು ಕೇಳಿ ಪಡೆದು ಪುಟ ಪುಟವನ್ನೂ ನೋಡಿದ ನೌಕರರಿಗೆ ಇವನ್ನು ಸರಿಪಡಿಸಲು ತಾವು ಕೆಲಸ ಮಾಡಿದ ಕಚೇರಿಯಲ್ಲಿಯೇ ಕುರ್ಚಿ ಇರುತ್ತದೆ. ನಿವೃತ್ತಿಯ ನಂತರ ಬಂದರೆ ಬಾಗಿಲ ಹೊರಗಿನ ಬೆಂಚು.

ವಾರ್ಷಿಕ ವೇತನ ಬಡ್ತಿಯ ವಿಷಯವನ್ನೂ ನೋಡಿಕೊಳ್ಳಬೇಕು. ವರ್ಷಪೂರ್ತಿ ದುಡಿದು, ಬಡ್ತಿ ಜಾರಿಯಾಗುವ ಹಿಂದಿನ ದಿನ ನಿವೃತ್ತರಾದವರಿಗೆ ಆ ಬಡ್ತಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್ 11ರಂದು ತೀರ್ಪಿತ್ತಿತು. ಪ್ರಕರಣ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ್ದು. ಜೂನ್ 30, ಡಿಸೆಂಬರ್ 31ರಂದು ನಿವೃತ್ತರಾಗುವವರಿಗೆ ಪಿಂಚಣಿಯ ಲೆಕ್ಕದಲ್ಲಿ ಇದರಿಂದ ಜೀವನಪೂರ್ತಿ ವ್ಯತ್ಯಾಸವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಪತ್ನಿಯ ಹೆಸರು. ಪಿಂಚಣಿದಾರರು ತೀರಿಕೊಂಡ ಬಳಿಕ ಕುಟುಂಬ ಪಿಂಚಣಿ ಕೇಂದ್ರದ ನಿಯಮದಂತೆ ಮೊದಲ ಏಳು ವರ್ಷ, ಅಥವಾ ಮೃತರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಹೆಚ್ಚಿನ ದರದಲ್ಲಿ, ಅನಂತರ ಕೊನೆಯ ವೇತನದ ಶೇ. 30ರ ದರದಲ್ಲಿ ಸಲ್ಲುತ್ತದೆ. ಹುಬ್ಬಳ್ಳಿಯ ಉದಾಹರಣೆಯಲ್ಲಿ ಅದು ರೂ. 40,000ದಿಂದ 24,000ಕ್ಕೆ ಇಳಿಯುತ್ತದೆ, ಭತ್ಯೆ ಬೇರೆ. ಸೇವಾ ಪುಸ್ತಕದಲ್ಲಿ ಸರೋಜಮ್ಮ, ಆಧಾರ್‌ನಲ್ಲಿ ಸರೋಜಾ, ಬ್ಯಾಂಕಿನಲ್ಲಿ ಎಸ್. ಸರೋಜಾದೇವಿ ಎಂದಿದ್ದರೆ, ಆ ಮೂರೂ ತಾನೊಬ್ಬಳೇ ಎಂದು ಸಾಬೀತುಪಡಿಸುವ ಕೆಲಸ ಗಂಡನನ್ನು ಕಳೆದುಕೊಂಡ ಹೆಂಗಸಿನ ಪಾಲಿಗೆ, ಅದೂ ತಿಂಗಳ ಖರ್ಚಿಗೆ ದಾರಿಯಿಲ್ಲದ ದಿನಗಳಲ್ಲಿ ಬರುತ್ತದೆ. ಪಿಂಚಣಿ ಖಾತೆಯನ್ನು ಇಬ್ಬರ ಹೆಸರಿನಲ್ಲಿ ತೆರೆಯುವುದಕ್ಕೆ ಖರ್ಚಿಲ್ಲ. ಪಿಂಚಣಿ ಸಂದಾಯ ಆದೇಶದ ಪ್ರತಿ, ಠೇವಣಿ ರಸೀದಿಗಳು, ಮಗನೊಂದಿಗಿನ ಕರಾರಿನ ಪ್ರತಿ, ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರದ ವಿವರ, ಇವೆಲ್ಲ ಒಂದೇ ಕಡತದಲ್ಲಿದ್ದು, ಆ ಕಡತ ಯಾವ ಕಪಾಟಿನಲ್ಲಿದೆ ಎಂಬುದು ಮನೆಯಾಕೆಗೂ ತಿಳಿದಿರಬೇಕು.